ಮಳೆಗಾಲದ ಕೊಡಗಿನಲ್ಲಿ ಘನ, ದ್ರವ, ಅನಿಲ ಪಾಠ: ಯಾವ ಪ್ರಯೋಗ ನಡೆಯುತ್ತದೆ, ಯಾವುದು ಕೈಕೊಡುತ್ತದೆ?

ಹಳ್ಳಿಶಾಲೆ ಟೀಚರ್:
ಮಡಿಕೇರಿ ತಾಲ್ಲೂಕು. 4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿ. ವಸ್ತುವಿನ ಮೂರು ಸ್ಥಿತಿಗಳು, ಅವುಗಳ ಬದಲಾವಣೆ, ಈ ಪಾಠ ಜುಲೈಯಲ್ಲಿ ಬರುತ್ತಿದೆ. ಸಾಮಾನ್ಯವಾಗಿ ಸಿಗುವ ಚಟುವಟಿಕೆಗಳೆಲ್ಲ ಬಿಸಿಲನ್ನೇ ನಂಬಿವೆ. ತಟ್ಟೆಯಲ್ಲಿ ನೀರಿಟ್ಟು ಆರುವುದನ್ನು ನೋಡಿ, ಒದ್ದೆ ಬಟ್ಟೆ ಹರಡಿ ಸಮಯ ಬರೆಯಿರಿ ಅನ್ನುತ್ತವೆ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ಕರ್ಚೀಫು ಕೂಡ ಆರುವುದಿಲ್ಲ. ಶಾಲೆಯಲ್ಲಿರುವುದು ಬಿಸಿಯೂಟದ ಗ್ಯಾಸ್ ಒಲೆ, ಎರಡು ಲ್ಯಾಬ್ ಥರ್ಮಾಮೀಟರ್ (ಮೈನಸ್ 10ರಿಂದ 110 ಡಿಗ್ರಿವರೆಗೆ), 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಫ್ರಿಜ್ ಇಲ್ಲ, ಬೇಕರಿಯಿಂದ ಐಸ್ ತರಿಸಬಹುದು. ಈ ಹವೆಯಲ್ಲಿ ನಿಜವಾಗಿ ನಡೆಯುವ ಪ್ರಯೋಗಗಳನ್ನು ಅಳತೆ ಸಮೇತ ಹೇಳಿ. ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಹೇಳಿದರೆ ಉಪಕಾರ.

ಬ್ಯೂರೆಟ್:
ಮೇಡಂ, ಮಳೆಗಾಲ ಅಡ್ಡಿ ಅಂದುಕೊಳ್ಳಬೇಡಿ, ಕ್ರಮ ತಿರುಗಿಸಿ. ಬಯಲುಸೀಮೆಯಲ್ಲಿ ಆವಿಯಾಗುವುದನ್ನು ಮೊದಲು ತೋರಿಸುತ್ತಾರೆ. ನೀವು ಸಾಂದ್ರೀಕರಣದಿಂದ (ನೀರಾವಿ ತಣಿದು ಹನಿಯಾಗುವುದು) ಶುರು ಮಾಡಿ. ಗಾಳಿಯಲ್ಲಿ ನೀರಾವಿ ತುಂಬಿರುವ ಜುಲೈಗಿಂತ ಒಳ್ಳೆಯ ಕಾಲ ಅದಕ್ಕೆ ಇಲ್ಲ.

ಒಂದು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಗಟ್ಟಿ ಕೂರುವ ಮುಚ್ಚಳ. ಹೊರಮೈ ಚೆನ್ನಾಗಿ ಒರೆಸಿ. ಅರ್ಧದಷ್ಟು ಐಸ್ ಚೂರು, ಮೇಲೆ ನೀರು ಹಾಕಿ ಮುಚ್ಚಿ. ಅಗಲ ತಟ್ಟೆಯೊಳಗೆ ಇಟ್ಟು ತಟ್ಟೆ ಸಮೇತ ತೂಗಿ. ಎರಡು ನಿಮಿಷದಲ್ಲೇ ಹೊರಮೈ ಮಸುಕಾಗುತ್ತದೆ, ಆಮೇಲೆ ಹನಿ ಕಟ್ಟಿ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ತೂಗಿದರೆ ಕೆಲವು ಗ್ರಾಂ ಹೆಚ್ಚಿರುತ್ತದೆ. ಸಣ್ಣ ಲೋಟದಲ್ಲಿ ಮಾಡಿದರೆ ಸೇರುವ ನೀರು ನಿಮ್ಮ ತಕ್ಕಡಿಗೆ ತಿಳಿಯುವಷ್ಟು ಇರುವುದಿಲ್ಲ, ಅದಕ್ಕೇ ದೊಡ್ಡ ಪಾತ್ರೆ. ತಟ್ಟೆ ಇಡದಿದ್ದರೆ ಹನಿ ತಕ್ಕಡಿಯ ಮೇಲೆ ಸುರಿದು ಅದೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ.

ಮಕ್ಕಳು ಖಂಡಿತ ಹೇಳುವ ಮಾತು: "ಪಾತ್ರೆ ಸೋರ್ತಿದೆ, ಟೀಚರ್." ಅಲ್ಲ ಅಂತ ಬಾಯಲ್ಲಿ ಹೇಳಬೇಡಿ. ಒಳಗಿನ ನೀರಿಗೆ ಎರಡು ಚಮಚ ನೀಲಿ ಇಂಕು ಬೆರೆಸಿ ಇನ್ನೊಮ್ಮೆ ಇಡಿ. ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒತ್ತಿ ನೋಡಲಿ, ಬಣ್ಣ ಇರುವುದಿಲ್ಲ. ಮತ್ತೆ ಸೋರಿದ್ದರೆ ಒಟ್ಟು ತೂಕ ಅಷ್ಟೇ ಇರಬೇಕಿತ್ತು, ಹೆಚ್ಚಿದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಒಂದು ದಿನ ಹಾಗೇ ಬಿಡಿ.

ಇದೇ ಪ್ರಯೋಗವನ್ನು ಫೆಬ್ರವರಿಯಲ್ಲಿ ಮತ್ತೊಮ್ಮೆ ಮಾಡಿ. ಒಣ ಹವೆಯಲ್ಲಿ ಹನಿ ನಿಧಾನ, ಕಡಿಮೆ. ಎರಡು ತೂಕವನ್ನೂ ಒಂದೇ ಚಾರ್ಟಿನಲ್ಲಿ ಬರೆದಿಟ್ಟರೆ ಗಾಳಿಯ ತೇವಾಂಶದ ಪಾಠಕ್ಕೆ ಬೇರೆ ಪೀಠಿಕೆ ಬೇಡ.

ನಲಿಕಲಿ ಅಕ್ಕ:
ಬದಲಾವಣೆಗೆ ಮುಂಚೆ ಒಂದು ತರಗತಿ ಸ್ಥಿತಿಗಳಿಗೇ ಕೊಡಿ. 'ಘನ ಅಂದರೆ ಗಟ್ಟಿ, ದ್ರವ ಅಂದರೆ ಹರಿಯುವುದು' ಎಂದು ಬರೆಸಿಬಿಟ್ಟರೆ ಮುಂದೆ ಸ್ಪಂಜು, ಅಕ್ಕಿ, ಮರಳು ಎಲ್ಲದರಲ್ಲೂ ಎಡವುತ್ತಾರೆ. ಸ್ಪಂಜು ಮೆತ್ತಗಿದ್ದರೂ ಘನ. ಅದುಮಿದಾಗ ಹೋಗುವುದು ಅದರ ರಂಧ್ರಗಳಲ್ಲಿರುವ ಗಾಳಿ. ಅಕ್ಕಿಯನ್ನು ಸುರಿದರೆ ಹರಿಯುತ್ತದೆ, ಆದರೆ ನೆಲದಲ್ಲಿ ರಾಶಿಯಾಗಿ ನಿಲ್ಲುತ್ತದೆ, ನೀರು ರಾಶಿಯಾಗುವುದಿಲ್ಲ. ಒಂದೊಂದು ಕಾಳನ್ನೂ ಭೂತಗನ್ನಡಿಯಲ್ಲಿ ನೋಡಿದರೆ ಲೋಟದಲ್ಲಿದ್ದಾಗಲೂ ತಟ್ಟೆಯಲ್ಲಿದ್ದಾಗಲೂ ಆಕಾರ ಅದೇ. ಜೇನು ನಿಧಾನಕ್ಕೆ ಹರಿದರೂ ದ್ರವ: ಬಾಟಲಿ ಓರೆ ಮಾಡಿ ಕಾಯಿರಿ, ಮೇಲ್ಮೈ ಮತ್ತೆ ಮಟ್ಟಕ್ಕೆ ಬರುತ್ತದೆ. ಪೇಸ್ಟು, ಜೆಲ್ಲಿ ತಂದು ಮಕ್ಕಳು ಕೇಳಿದರೆ 'ಇವು ಬೆರಕೆ ವಸ್ತುಗಳು, ಮೂರು ಗೂಡಿನಲ್ಲಿ ನೀಟಾಗಿ ಕೂರುವುದಿಲ್ಲ' ಅಂತ ನೇರವಾಗಿ ಹೇಳಿಬಿಡಿ. ಬಲವಂತವಾಗಿ ಒಂದು ಗೂಡಿಗೆ ತುರುಕಬೇಡಿ.

ಅನಿಲಕ್ಕೆ 20 ಮಿಲೀ ಸಿರಿಂಜ್ ಸಾಕು. ಹೊಸದು, ಸೂಜಿ ತೆಗೆದದ್ದು. ಒಂದರಲ್ಲಿ 20 ಗುರುತಿನವರೆಗೆ ಗಾಳಿ, ಇನ್ನೊಂದರಲ್ಲಿ ನೀರು. ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಒತ್ತಲಿ. ಗಾಳಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಬಿಟ್ಟರೆ ವಾಪಸು ಬರುತ್ತದೆ. ನೀರು ಕದಲುವುದಿಲ್ಲ. ನೀರಿನದ್ದೂ ಒಂದೆರಡು ಮಿಲೀ ಕದಲಿತು ಅಂದರೆ ಒಳಗೆ ಗುಳ್ಳೆ ಸಿಕ್ಕಿಕೊಂಡಿದೆ. ತುದಿ ಮೇಲೆ ಮಾಡಿ ತಟ್ಟಿ ಗುಳ್ಳೆ ಹೊರದೂಡಿ ಮತ್ತೆ ಮಾಡಿಸಿ. ಬಳಸಿ ಎಸೆದ ಸಿರಿಂಜ್ ಮಾತ್ರ ಯಾವ ಕಾರಣಕ್ಕೂ ಬೇಡ.

ಪ್ರಶ್ನೆಪೆಟ್ಟಿಗೆ:
ಪೋಷಕನ ಪ್ರಶ್ನೆ. ಮಂಜು ಯಾವ ಸ್ಥಿತಿ? ರಾಜಾಸೀಟಿನಲ್ಲಿ ಎದುರಿನ ಬೆಟ್ಟ ಮುಚ್ಚಿಹೋಗುತ್ತದಲ್ಲ, ಅದು ಅನಿಲವೇ ಅಲ್ಲವೇ? ಗಾಳಿಯ ಜೊತೆ ತೇಲುತ್ತದೆ, ಹಿಡಿಯಲು ಬರುವುದಿಲ್ಲ. ಮಗಳು ಹಾಗೇ ಬರೆದಿದ್ದಾಳೆ.

ಪುಷ್ಪಗಿರಿ:
ಅನಿಲ ಅಲ್ಲ ಸರ್, ದ್ರವ. ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು, ಒಂದೊಂದರ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಅಷ್ಟು ಚಿಕ್ಕದಾದ್ದರಿಂದ ಬೀಳುವುದು ತೀರಾ ನಿಧಾನ, ಗಾಳಿ ಎತ್ತಿಕೊಂಡೇ ಇರುತ್ತದೆ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಕಂಡಿತು ಅಂದರೆ ಆಗಲೇ ಅದು ಹನಿಯಾಗಿದೆ. ಮೋಡವೂ ಅಷ್ಟೆ, ಬಹಳ ಎತ್ತರದ ಮೋಡಗಳಲ್ಲಿ ಹನಿಯ ಬದಲು ಐಸಿನ ಹರಳು.

ಮಗಳಿಗೆ ತೋರಿಸುವುದು ಸುಲಭ. ಮೂತಿ ಇರುವ ಕೆಟಲಿನಲ್ಲಿ ನೀರು ಜೋರಾಗಿ ಕುದಿಯಲಿ. ಮೂತಿಯ ತುದಿಗೂ ಬಿಳಿ ಹೊಗೆಯಂತಹುದಕ್ಕೂ ನಡುವೆ ಒಂದೆರಡು ಸೆಂಟಿಮೀಟರ್ ಖಾಲಿ ಕಾಣುತ್ತದೆ. ನಿಜವಾದ ಹಬೆ ಇರುವುದು ಆ ಖಾಲಿ ಜಾಗದಲ್ಲಿ. ಮುಂದೆ ಹೋಗಿ ತಂಪು ಗಾಳಿಗೆ ಸಿಕ್ಕಿ ಹನಿಯಾದದ್ದು ಬಿಳಿ. ಅದೂ ಸ್ವಲ್ಪ ದೂರದಲ್ಲಿ ಮತ್ತೆ ಆವಿಯಾಗಿ ಮಾಯ. ಜುಲೈಯಲ್ಲಿ ಬಿಳಿ ಬಾಲ ಉದ್ದ, ಮಾರ್ಚಿನ ಮಧ್ಯಾಹ್ನ ಚಿಕ್ಕದು, ಯಾಕೆಂದರೆ ಒಣ ಗಾಳಿ ಹನಿಗಳನ್ನು ಬೇಗ ಕುಡಿದುಬಿಡುತ್ತದೆ. ಖಾಲಿ ಜಾಗದ ಹತ್ತಿರ ಬೆರಳು ಒಯ್ಯಬಾರದು, ಮಕ್ಕಳು ಒಂದು ಮೀಟರ್ ದೂರ. ಕಾಣದ ಆ ಹಬೆಯೇ ಹೆಚ್ಚು ಸುಡುವುದು: 1 ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗಲೇ ಸುಮಾರು 2,250 ಜೂಲ್ ಶಾಖ ಬಿಡುತ್ತದೆ. ಅದೇ 1 ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಾಗ ಬಿಡುವುದು 250 ಜೂಲ್‌ನಷ್ಟು. ಕಡಂಬುಟ್ಟು (ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ) ಬೇಯುತ್ತಿರುವ ಪಾತ್ರೆಯ ಮುಚ್ಚಳವನ್ನು ನಮ್ಮಿಂದ ಆಚೆ ಬದಿಗೆ ಓರೆ ಮಾಡಿ ತೆಗೆಯುವುದು ಇದಕ್ಕೇ.

ಟೀಚರ್ ಅವರಿಗೆ ಕಣಗಳ ಚಿತ್ರದ ಬಗ್ಗೆ ಒಂದು ಮಾತು. ಘನದಲ್ಲಿ ಒತ್ತೊತ್ತಾಗಿ, ದ್ರವದಲ್ಲಿ ಸ್ವಲ್ಪ ದೂರ, ಅನಿಲದಲ್ಲಿ ಬಹಳ ದೂರ ಎಂದು ಸಮಸಮ ಅಂತರದಲ್ಲಿ ಬರೆಯುತ್ತಾರೆ. ಇದು ತಪ್ಪು. ದ್ರವದಲ್ಲೂ ಕಣಗಳು ಹೆಚ್ಚುಕಡಿಮೆ ತಾಗಿಕೊಂಡೇ ಇರುತ್ತವೆ, ಜಾಗ ಬದಲಿಸುತ್ತವೆ ಅಷ್ಟೆ. ಅದಕ್ಕೇ ನೀರಿನ ಸಿರಿಂಜ್ ಒತ್ತಲು ಬಾರದ್ದು. ಸಮುದ್ರಮಟ್ಟದಲ್ಲಿ 1 ಮಿಲೀ ನೀರು ಹಬೆಯಾದರೆ ಸುಮಾರು 1,600 ಮಿಲೀ ಜಾಗ ಹಿಡಿಯುತ್ತದೆ. ಅಂದರೆ ಕಣಗಳ ನಡುವಿನ ದೂರ ಹತ್ತು ಹನ್ನೆರಡು ಪಟ್ಟು. ಮೈದಾನದಲ್ಲಿ ಮಕ್ಕಳನ್ನೇ ಕಣ ಮಾಡಿ ಆಡಿಸುವಾಗ ಘನಕ್ಕೆ ಕೈ ಹಿಡಿದು ಸಾಲಾಗಿ ನಿಂತಲ್ಲೇ ಅಲುಗಾಡಲಿ, ದ್ರವಕ್ಕೆ ಕೈಬಿಟ್ಟು ಆದರೆ ಭುಜ ತಾಗಿಸಿಕೊಂಡೇ ಓಡಾಡಲಿ, ಅನಿಲಕ್ಕೆ ಇಡೀ ಮೈದಾನ. ಇನ್ನೊಂದು: ಕಣಗಳೇ ಕರಗುವುದಿಲ್ಲ, ಕಣಗಳೇ ಉಬ್ಬುವುದಿಲ್ಲ. ಐಸಿನ ಕಣವೂ ಹಬೆಯ ಕಣವೂ ಅದೇ ನೀರಿನ ಕಣ.

ಹಳ್ಳಿಶಾಲೆ ಟೀಚರ್:
ಕುದಿಯುವ ಪ್ರಶ್ನೆ ಬಂದದ್ದರಿಂದ ಕೇಳುತ್ತೇನೆ. ನೀರು ಚೆನ್ನಾಗಿ ಕುದಿಯುತ್ತಿದ್ದರೂ ಒಂದು ಥರ್ಮಾಮೀಟರ್ 96, ಇನ್ನೊಂದು 97 ತೋರಿಸುತ್ತದೆ. 100 ಬರುವುದೇ ಇಲ್ಲ. ಥರ್ಮಾಮೀಟರ್ ಹಾಳೇ?

ಪುಷ್ಪಗಿರಿ:
ಹಾಳಲ್ಲ ಮೇಡಂ, ಹೆಚ್ಚುಕಡಿಮೆ ಸರಿಯಾಗೇ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಕುದಿಯಲು ಬೇಕಾದ ಉಷ್ಣತೆಯೂ ಕಡಿಮೆ. ಅಂದಾಜು ಲೆಕ್ಕ 300 ಮೀಟರಿಗೆ 1 ಡಿಗ್ರಿ. ಹಾಗಾಗಿ ನಿಮ್ಮಲ್ಲಿ 96, ಕುಶಾಲನಗರದ ಕಡೆ 97ರ ಹತ್ತಿರ, ತಡಿಯಂಡಮೋಳ್ ತುದಿಯಲ್ಲಿ (1,748 ಮೀಟರ್) 94ರ ಹತ್ತಿರ. ಸಂಪಾಜೆ ಘಟ್ಟ ಇಳಿಯುತ್ತ ಹೋದರೆ ಮತ್ತೆ 100ರ ಸಮೀಪಕ್ಕೆ ಏರುತ್ತದೆ.

ಎರಡು ಥರ್ಮಾಮೀಟರಿಗೆ ಒಂದು ಡಿಗ್ರಿ ಅಂತರ ಅಗ್ಗದವುಗಳಲ್ಲಿ ಮಾಮೂಲು. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಎರಡನ್ನೂ ಅದರಲ್ಲಿ ಐದು ನಿಮಿಷ ಇಟ್ಟು ಕಲಕಿ. ಯಾವುದು 0 ತೋರಿಸುತ್ತದೋ ಅದನ್ನು ನಂಬಿ. ಇನ್ನೊಂದಕ್ಕೆ 'ಒಂದು ಕಳೆಯಿರಿ' ಎಂದು ಟೇಪು ಅಂಟಿಸಿ. ಕುದಿನೀರಿನಲ್ಲಿ ಥರ್ಮಾಮೀಟರಿನ ಗುಂಡು ಪಾತ್ರೆಯ ತಳಕ್ಕೆ ತಾಗಬಾರದು, ತಾಗಿದರೆ ಹೆಚ್ಚು ತೋರಿಸುತ್ತದೆ. ದಾರ ಕಟ್ಟಿ ನೇತುಬಿಡಿ. ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದಲೇಬಾರದು, ಅದರ ಅಳತೆ 42 ಡಿಗ್ರಿಗೆ ಮುಗಿಯುತ್ತದೆ, ಒಡೆದು ಪಾದರಸ ಚೆಲ್ಲುತ್ತದೆ.

ಪ್ರಶ್ನೆಪೆಟ್ಟಿಗೆ:
ಪರೀಕ್ಷೆಯಲ್ಲಿ 96 ಬರೆದರೆ ಅಂಕ ಹೋಗುತ್ತದಲ್ಲ?

ನಲಿಕಲಿ ಅಕ್ಕ:
'ಸಮುದ್ರಮಟ್ಟದಲ್ಲಿ 100, ನಮ್ಮ ಶಾಲೆಯಲ್ಲಿ 96' ಎಂದು ಎರಡನ್ನೂ ಬರೆಯುವ ಅಭ್ಯಾಸ ಮಾಡಿಸಿ, ಯಾರೂ ಅಂಕ ಕಳೆಯಲಾರರು. ನೋಡಿದ ಅಂಕೆಯನ್ನು ಅಳಿಸಿ ಪುಸ್ತಕದ ಅಂಕೆ ಬರೆಸುವುದು ಮಾತ್ರ ಬೇಡ. ವಿಜ್ಞಾನದ ತರಗತಿಯಲ್ಲಿ ಅದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ.

ಒಗ್ಗರಣೆ:
96ರ ಕತೆ ಅಡುಗೆಯವರಿಗೆ ಹೊಸತಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಮಂಗಳೂರಿಗಿಂತ ಇಲ್ಲಿ ಹೆಚ್ಚು ಹೊತ್ತು ಬೇಕು. ಉರಿ ಎಷ್ಟು ಜೋರು ಮಾಡಿದರೂ ನೀರು ಬೇಗ ಆರುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ಕುಕ್ಕರಿನಲ್ಲಿ ಒತ್ತಡ ಕಟ್ಟುವುದರಿಂದ ಮಡಿಕೇರಿಯಲ್ಲೂ ಒಳಗೆ 119 ಡಿಗ್ರಿಯಷ್ಟು ಸಿಗುತ್ತದೆ.

ಬ್ಯೂರೆಟ್:
"ಉರಿ ಜೋರು ಮಾಡಿದರೂ ಬಿಸಿ ಏರುವುದಿಲ್ಲ", ಇಡೀ ಪಾಠದ ಮರ್ಮ ಇದೇ. ನನ್ನ ಕೇಳಿದರೆ ಮೂರು ಸ್ಥಿತಿಗಳ ಪಟ್ಟಿಗಿಂತ ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಐಸಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಐಸನ್ನು ಗೋಣಿಚೀಲದಲ್ಲಿ ಸುತ್ತಿ ಜಜ್ಜಿ, ಕಡಲೆಕಾಳಿನಷ್ಟು ಚೂರು ಮಾಡಿ. 200 ಗ್ರಾಂ ಸ್ಟೀಲ್ ಪಾತ್ರೆಗೆ ಹಾಕಿ, ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಡಿ. ಥರ್ಮಾಮೀಟರಿನ ಗುಂಡು ಐಸಿನ ನಡುವೆ ಇರಲಿ. ಕಲಕುವುದು ಚಮಚದಲ್ಲಿ, ಥರ್ಮಾಮೀಟರಿನಲ್ಲಿ ಅಲ್ಲ. ನಿಮಿಷಕ್ಕೊಮ್ಮೆ ಒಬ್ಬ ಓದುವುದು, ಇನ್ನೊಬ್ಬ ಬರೆಯುವುದು. ಫ್ರೀಜರಿನಿಂದ ನೇರ ತಂದ ಐಸ್ ಮೈನಸ್ 10 ಅಥವಾ ಇನ್ನೂ ಕೆಳಗಿಂದ ಏರುತ್ತ ಬರುತ್ತದೆ, ಬೇಕರಿಯಿಂದ ಹಾದಿಯಲ್ಲೇ ಒದ್ದೆಯಾಗಿ ಬಂದದ್ದು 0ಯಲ್ಲೇ ಇರುತ್ತದೆ. 0ಗೆ ಬಂದಮೇಲೆ ಕೊನೆಯ ಚೂರು ಮುಗಿಯುವವರೆಗೆ ಅಲ್ಲೇ ನಿಲ್ಲುತ್ತದೆ, ಮುಗಿದೊಡನೆ ಏರಲು ಶುರು. ಗ್ರಾಫು ಬರೆದರೆ ನಡುವೆ ಸಮತಟ್ಟು. ಆ ಸಮತಟ್ಟು ಬರದೆ 3, 4, 5 ಎಂದು ಏರುತ್ತ ಹೋಯಿತು ಅಂದರೆ ಕಾರಣ ಎರಡೇ: ಐಸಿನ ಚೂರು ದಪ್ಪ, ಇಲ್ಲವೇ ಕಲಕಿಲ್ಲ. ದಪ್ಪ ಚೂರು ಮೇಲೆ ತೇಲುತ್ತಿದ್ದರೆ ತಳದಲ್ಲಿ ಬೆಚ್ಚಗಿನ ನೀರು ನಿಂತು ಥರ್ಮಾಮೀಟರ್ ಅದನ್ನು ಓದುತ್ತದೆ.

5ನೇ ತರಗತಿಗೆ ಇನ್ನೊಂದು. ಎರಡು ಥರ್ಮೋಕೋಲ್ ಲೋಟ. ಒಂದರಲ್ಲಿ 0 ಡಿಗ್ರಿಯ ತಣ್ಣೀರು 100 ಗ್ರಾಂ, ಇನ್ನೊಂದರಲ್ಲಿ 0 ಡಿಗ್ರಿಯ ಐಸ್ ಚೂರು 100 ಗ್ರಾಂ. ಎರಡಕ್ಕೂ 80 ಡಿಗ್ರಿಯ ಬಿಸಿನೀರು 100 ಗ್ರಾಂ ಸುರಿಯಿರಿ (ನೀವೇ, ಮಕ್ಕಳಲ್ಲ). ಮೊದಲು ಊಹೆ ಬರೆಸಿ. ಎಲ್ಲರೂ ಎರಡಕ್ಕೂ 40 ಅನ್ನುತ್ತಾರೆ. ನೀರಿನದ್ದು 40ರ ಹತ್ತಿರ ಬರುತ್ತದೆ. ಐಸಿನದ್ದು 0ಗಿಂತ ಕೆಲವೇ ಡಿಗ್ರಿ ಮೇಲೆ ನಿಲ್ಲುತ್ತದೆ. 1 ಗ್ರಾಂ ಐಸ್ ಕರಗಿಸಲು 334 ಜೂಲ್ ಬೇಕು. 1 ಗ್ರಾಂ ನೀರನ್ನು 0ಯಿಂದ 80ಕ್ಕೆ ಏರಿಸಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇಂಥ ಪ್ರಯೋಗಗಳಿಂದಲೇ ಗುಪ್ತೋಷ್ಣವನ್ನು (ಉಷ್ಣತೆ ಏರಿಸದೆ ಸ್ಥಿತಿ ಬದಲಾವಣೆಗೇ ಖರ್ಚಾಗುವ ಶಾಖ) ಗುರುತಿಸಿದ್ದು.

ನಲಿಕಲಿ ಅಕ್ಕ:
ಸರ್, ಜೂಲ್, ಗುಪ್ತೋಷ್ಣ ಇವು ಈ ವಯಸ್ಸಿಗೆ ಬೇಡ. ಸಮತಟ್ಟು ಗ್ರಾಫು ಸರಿ, 40ರ ಊಹೆ ತಪ್ಪಾಗುವುದೂ ಸರಿ. ಅಲ್ಲಿಂದ 'ಬಿಸಿ ಎಲ್ಲಿ ಹೋಯಿತು? ಐಸನ್ನು ಕರಗಿಸಲು ಖರ್ಚಾಯಿತು' ಎಂಬಲ್ಲಿಗೆ ನಿಲ್ಲಿಸಿ. ಹೆಸರು ಪ್ರೌಢಶಾಲೆಯಲ್ಲಿ ಬರುತ್ತದೆ, ಆಗ ಅದಕ್ಕೆ ಜೋಡಿಸಲು ಅನುಭವ ಇರುತ್ತದೆ.

ಬ್ಯೂರೆಟ್:
ಒಪ್ಪಿದೆ. ಅಂಕೆ ಶಿಕ್ಷಕರಿಗೆ, ಮಕ್ಕಳಿಗೆ ಖರ್ಚಿನ ಲೆಕ್ಕ ಸಾಕು.

ಒಗ್ಗರಣೆ:
ಕೊಬ್ಬರಿ ಎಣ್ಣೆಯನ್ನು ಯಾರೂ ಹೇಳಲಿಲ್ಲವಲ್ಲ! ಒಲೆ, ಫ್ರಿಜ್ ಯಾವುದೂ ಬೇಡದ ಪ್ರಯೋಗ ಅದು. 24, 25 ಡಿಗ್ರಿಯಲ್ಲಿ ಕರಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಾಟಲಿಯಲ್ಲಿ ಕಲ್ಲು, ಅಂಗೈಯಲ್ಲಿ ಎರಡು ನಿಮಿಷ ಹಿಡಿದರೆ ನೀರು. ಸಣ್ಣ ಪ್ಲಾಸ್ಟಿಕ್ ಶೀಶೆಯಲ್ಲಿ 10 ಮಿಲೀ ಹಾಕಿ, ದ್ರವವಿದ್ದಾಗ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಗಟ್ಟಿಯಾದಾಗ ನಡುವೆ ಗುಳಿ ಬೀಳುತ್ತದೆ, ಮಟ್ಟ ಇಳಿದಿರುತ್ತದೆ. ಗಟ್ಟಿ ಎಣ್ಣೆಯ ಚೂರನ್ನು ಕರಗಿದ ಎಣ್ಣೆಗೆ ಹಾಕಿದರೆ ಮುಳುಗುತ್ತದೆ.

ಮಳೆಗಾಲದಲ್ಲಿ ಒಂದು ತೊಡಕು. ಕೋಣೆ 20, 21 ಡಿಗ್ರಿ ಇದ್ದರೂ ಎಣ್ಣೆ ಹಠ ಹಿಡಿದು ದ್ರವವಾಗೇ ಉಳಿಯುವುದುಂಟು, ಅಥವಾ ಮೋಡಮೋಡವಾಗಿ ನಿಲ್ಲುತ್ತದೆ. ಆಗ ತಣ್ಣೀರಿನಲ್ಲಿಟ್ಟು ಗಟ್ಟಿ ಮಾಡಿದ ಎಣ್ಣೆಯ ಒಂದು ಚೂರು, ಸಾಸಿವೆಯಷ್ಟು, ಒಳಗೆ ಹಾಕಿ. ಅದರ ಸುತ್ತ ಹರಳು ಕಟ್ಟಲು ಶುರುವಾಗುತ್ತದೆ. ಬೇರೆ ಎಣ್ಣೆ ಬೆರೆಸಿದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ, ತಲೆಗೆ ಹಚ್ಚುವ ಸುವಾಸನೆಯ ಮಿಶ್ರಣ ತರಬೇಡಿ. ತುಪ್ಪವನ್ನು ಎರಡನೆಯ ಉದಾಹರಣೆಯಾಗಿ ಇಡಿ: ಅದರಲ್ಲಿ ಹಲವು ಬಗೆಯ ಕೊಬ್ಬು ಇರುವುದರಿಂದ ಒಂದೇ ಉಷ್ಣತೆಗೆ ಕರಗುವುದಿಲ್ಲ, ತರಿತರಿಯೂ ನೀರೂ ಒಟ್ಟಿಗೆ ಇರುತ್ತದೆ.

ಪುಷ್ಪಗಿರಿ:
ಗುಳಿ ಬೀಳುವುದನ್ನು ಖಂಡಿತ ತೋರಿಸಿ. ಹೆಚ್ಚಿನ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ಮೇಣವೂ ಕುಗ್ಗುತ್ತದೆ. ನೀರು ಅಪವಾದ: ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9 ಉಬ್ಬುತ್ತದೆ, ಅದಕ್ಕೇ ಐಸ್ ತೇಲುವುದು. ಐಸ್ ಒಂದನ್ನೇ ತೋರಿಸಿ ಪಾಠ ಮುಗಿಸಿದರೆ ಮಕ್ಕಳು ಅಪವಾದವನ್ನೇ ನಿಯಮ ಅಂದುಕೊಳ್ಳುತ್ತಾರೆ.

ಹಳ್ಳಿಶಾಲೆ ಟೀಚರ್:
ಫ್ರಿಜ್ ಇಲ್ಲದೆ ನೀರು ಹೆಪ್ಪುಗಟ್ಟುವುದನ್ನು ತೋರಿಸಬಹುದೇ?

ಬ್ಯೂರೆಟ್:
ಐಸಿಗೆ ಕಲ್ಲುಪ್ಪು. ತೂಕದಲ್ಲಿ ಮೂರು ಪಾಲು ಜಜ್ಜಿದ ಐಸ್, ಒಂದು ಪಾಲು ಉಪ್ಪು. 600 ಗ್ರಾಂ ಐಸಿಗೆ 200 ಗ್ರಾಂ. ಒಂದು ಪದರ ಐಸ್, ಒಂದು ಪದರ ಉಪ್ಪು ಹಾಕಿ ಕಲಕಿದರೆ ಮೈನಸ್ 10ರ ಕೆಳಗೆ ಇಳಿಯುತ್ತದೆ. ನಿಮ್ಮ ಥರ್ಮಾಮೀಟರಿನ ಅಳತೆ ಅಲ್ಲಿಗೆ ಮುಗಿಯುತ್ತದೆ, ಗಾಬರಿ ಬೇಡ. ತೆಳು ಪ್ಲಾಸ್ಟಿಕ್ ನಳಿಕೆಯಲ್ಲಿ 5 ಮಿಲೀ ನೀರು, ಮಟ್ಟಕ್ಕೆ ಗೆರೆ. ನಳಿಕೆಯ ನೀರಿನ ಮಟ್ಟ ಐಸಿನ ಮಟ್ಟಕ್ಕಿಂತ ಕೆಳಗಿರುವಂತೆ ಹುಗಿಯಿರಿ. ಕಾಲು ಗಂಟೆಯಲ್ಲಿ ಗಟ್ಟಿ, ಗೆರೆಗಿಂತ ಮೇಲೆ ಉಬ್ಬಿರುತ್ತದೆ. ಗಾಜಿನ ನಳಿಕೆ ಬೇಡ, ಸೀಳುತ್ತದೆ. ಉಪ್ಪು ಬೆರೆತ ಐಸನ್ನು ಬರಿಗೈಯಲ್ಲಿ ಹಿಡಿಯುವ ಪಂದ್ಯ ಕಟ್ಟುವ ಹುಡುಗರು ಇರುತ್ತಾರೆ, ಮೊದಲೇ ತಡೆಯಿರಿ, ಚರ್ಮಕ್ಕೆ ನಿಜವಾದ ಗಾಯವಾಗುತ್ತದೆ. ಮೀನು ಅಂಗಡಿಯ ಐಸ್ ಈ ಪ್ರಯೋಗಕ್ಕೆ ಆಗುತ್ತದೆ, ಬಾಯಿಗೆ ಮಾತ್ರ ಹಾಕಕೂಡದು.

ಐಸ್ ತರುವಾಗ ಥರ್ಮಾಸ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಕಂಬಳಿಯಲ್ಲಿ ಸುತ್ತಿ. ಇದನ್ನೇ ಪ್ರಯೋಗವಾಗಿಯೂ ಮಾಡಬಹುದು: ಒಂದೇ ತೂಕದ ಎರಡು ಐಸ್ ತುಂಡು, ಎರಡೂ ಪ್ಲಾಸ್ಟಿಕ್ಕಿನೊಳಗೆ, ಒಂದಕ್ಕೆ ಕಂಬಳಿ. 'ಕಂಬಳಿ ಬಿಸಿ ಕೊಡುತ್ತದೆ, ಅದು ಬೇಗ ಕರಗುತ್ತದೆ' ಎಂದು ಅರ್ಧ ತರಗತಿ ಪಣ ಕಟ್ಟುತ್ತದೆ. ಆಗುವುದು ತಿರುಗುಮುರುಗು.

ಕಣದ ಕಾಫಿ:
ಆವಿಯಾಗುವ ಭಾಗಕ್ಕೆ ಬರುತ್ತೇನೆ. ಜುಲೈಯಲ್ಲಿ ನೀರು ಆರದಿರುವುದಕ್ಕೆ ಕಾರಣ ಚಳಿಗಿಂತ ಹೆಚ್ಚಾಗಿ ಗಾಳಿಯ ತೇವ. ಹನಿಯಿಂದ ಎಷ್ಟು ಕಣ ಹೊರಡುತ್ತದೋ ಹೆಚ್ಚುಕಡಿಮೆ ಅಷ್ಟೇ ವಾಪಸು ಬಂದು ಸೇರುತ್ತದೆ. ಇದನ್ನು ತೋರಿಸಲು ಸರ್ಜಿಕಲ್ ಸ್ಪಿರಿಟ್ ತನ್ನಿ. ಎರಡು ಸ್ಟೀಲ್ ತಟ್ಟೆ, ಒಂದರಲ್ಲಿ ಐದು ಹನಿ ನೀರು, ಇನ್ನೊಂದರಲ್ಲಿ ಐದು ಹನಿ ಸ್ಪಿರಿಟ್, ಬೆರಳಿಂದ ಒಂದೇ ಅಗಲಕ್ಕೆ ಹರಡಿ. ಎಷ್ಟೇ ಮಳೆಯಿದ್ದರೂ ಸ್ಪಿರಿಟ್ ನಿಮಿಷಗಳಲ್ಲಿ ಮಾಯ, ಯಾಕೆಂದರೆ ಗಾಳಿಯಲ್ಲಿ ತುಂಬಿರುವುದು ನೀರಾವಿ, ಸ್ಪಿರಿಟ್ಟಿನ ಆವಿ ಅಲ್ಲ. ಅದು ಸ್ವಭಾವತಃ ನೀರಿಗಿಂತ ಬೇಗ ಆರುವ ವಸ್ತು ಕೂಡ. ಒಲೆ ಉರಿಯುವ ಕೋಣೆಯಲ್ಲಿ ಮಾತ್ರ ಮಾಡಬೇಡಿ, ಬೆಂಕಿ ಹಿಡಿಯುತ್ತದೆ.

ಇನ್ನೊಂದು, ವರ್ಷವಿಡೀ ನಡೆಸಬಹುದಾದದ್ದು. ನಿಮ್ಮ ಎರಡು ಥರ್ಮಾಮೀಟರನ್ನು ಪಕ್ಕಪಕ್ಕ ನೇತುಹಾಕಿ. ಒಂದರ ಗುಂಡಿಗೆ ತೆಳು ಹತ್ತಿಬಟ್ಟೆ ಸುತ್ತಿ ಅದರ ತುದಿ ಸಣ್ಣ ಬಟ್ಟಲಿನ ನೀರಿನಲ್ಲಿರಲಿ. ಓದುವ ಮುಂಚೆ ರಟ್ಟಿನಿಂದ ಎರಡು ನಿಮಿಷ ಗಾಳಿ ಬೀಸಿ. ಜುಲೈಯಲ್ಲಿ ಎರಡಕ್ಕೂ ವ್ಯತ್ಯಾಸ 1 ಡಿಗ್ರಿಯೂ ಇರುವುದಿಲ್ಲ. ಫೆಬ್ರವರಿಯ ಒಣ ಮಧ್ಯಾಹ್ನ, 27 ಡಿಗ್ರಿ ಬಿಸಿಲಿಗೆ ತೇವಾಂಶ ಶೇಕಡ 40 ಇದ್ದರೆ ಒದ್ದೆ ಬಟ್ಟೆಯದ್ದು 9 ಡಿಗ್ರಿಯಷ್ಟು ಕೆಳಗೆ ಹೋಗುತ್ತದೆ. ನೀರು ಆವಿಯಾಗಲು ಬೇಕಾದ ಬಿಸಿಯನ್ನು ಆ ಗುಂಡಿನಿಂದಲೇ ಎತ್ತಿಕೊಳ್ಳುತ್ತದೆ. ಮೇಲೆ ಹೇಳಿದ ಖರ್ಚಿನ ಲೆಕ್ಕವೇ ಇಲ್ಲೂ. ಬಟ್ಟೆಗೆ ಗಂಜಿ ಇರಬಾರದು, ಮೊದಲೇ ತೊಳೆದಿರಬೇಕು.

ಕುದಿಯುವುದು ಬೇರೆ, ಆವಿಯಾಗುವುದು ಬೇರೆ ಎಂದು ಹೇಳಲು ಕಾಫಿ ಕಣಕ್ಕಿಂತ (ಕಾಫಿ ಒಣಗಿಸುವ ಅಂಗಳ) ಒಳ್ಳೆಯ ಜಾಗ ಇಲ್ಲ. ತೊಳೆದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ, ತಿರುಳು ತೆಗೆದ ಹೊಟ್ಟುಸಹಿತ ಬೀಜ) ಕಣಕ್ಕೆ ಬರುವಾಗ ಅರ್ಧಕ್ಕೂ ಹೆಚ್ಚು ನೀರು. ಶೇಕಡ 55 ಎಂದು ಹಿಡಿದರೆ 100 ಕಿಲೋದಲ್ಲಿ ಒಣ ಅಂಶ 45 ಕಿಲೋ. ಅದನ್ನು ಶೇಕಡ 10 ತೇವಕ್ಕೆ ತಂದಾಗ ಉಳಿಯುವುದು 50 ಕಿಲೋ. ಉಳಿದ 50 ಕಿಲೋ ನೀರು ಒಂದು ಗುಳ್ಳೆಯೂ ಏಳದೆ ಗಾಳಿಗೆ ಹೋಗಿದೆ. ತೆಳುವಾಗಿ ಹರಡುವುದು ಮೇಲ್ಮೈ ಹೆಚ್ಚಿಸಲು, ಆಗಾಗ ಕೈಯಾಡಿಸುವುದು ಒಳಗಿನದನ್ನು ಗಾಳಿಗೆ ಒಡ್ಡಲು, ಸಂಜೆ ಟಾರ್ಪಾಲು ಮುಚ್ಚುವುದು ರಾತ್ರಿ ಇಬ್ಬನಿಯಾಗಿ ನೀರು ವಾಪಸು ಬರಬಾರದೆಂದು. ಮೇಲ್ಮೈ, ಗಾಳಿ, ಬಿಸಿಲು, ತೇವ, ನಾಲ್ಕೂ ಒಂದೇ ಕಣದಲ್ಲಿವೆ. ಪ್ರಾಥಮಿಕ ಮಕ್ಕಳಿಗೆ ಶೇಕಡಾ ಲೆಕ್ಕ ಬೇಡ, ಜನವರಿಯಲ್ಲಿ ಒಂದು ಬುಟ್ಟಿ ಹಸಿ ಹಣ್ಣನ್ನು ವಾರಕ್ಕೊಮ್ಮೆ ತೂಗಿ ಬರೆಯಲಿ.

ಒಗ್ಗರಣೆ:
ಕೊಡಗಿನ ಅಡುಗೆಯ ಹುಳಿ, ಕಾಚಂಪುಳಿಯನ್ನೂ ಸೇರಿಸಿ. ಹಣ್ಣಿನಿಂದ ಇಳಿದ ರಸ ನೀರಾಗಿರುತ್ತದೆ, ಗಂಟೆಗಟ್ಟಲೆ ಕುದಿಸಿ ಇಂಗಿಸಿದಾಗ ಕಪ್ಪಗೆ ಮಂದವಾಗುತ್ತದೆ. ಹೋದದ್ದು ನೀರು, ಉಳಿದದ್ದು ಹುಳಿ. ತರಗತಿಯಲ್ಲಿ ಇದರ ಬದಲು ಉಪ್ಪುನೀರು ಸಾಕು: 50 ಮಿಲೀಗೆ 5 ಗ್ರಾಂ. ಕುದಿಯುವಾಗ ಮೇಲೆ ಒಣ ಸ್ಟೀಲ್ ತಟ್ಟೆ ಓರೆಯಾಗಿ ಹಿಡಿದು ಇಳಿಯುವ ಹನಿಯನ್ನು ಲೋಟದಲ್ಲಿ ಹಿಡಿಯಿರಿ. ಆ ಹನಿ ಒಂದು, ಪಾತ್ರೆಯ ಉಪ್ಪುನೀರಿನ ಹನಿ ಒಂದು, ಎರಡನ್ನೂ ಗಾಜಿನ ಚೂರಿನ ಮೇಲೆ ಆರಿಸಿದರೆ ಒಂದರಲ್ಲಿ ಬಿಳಿ ಕಲೆ ಉಳಿಯುತ್ತದೆ, ಇನ್ನೊಂದರಲ್ಲಿ ಏನೂ ಇಲ್ಲ. ನೀರು ಪೂರ್ತಿ ಇಂಗುವ ಮುಂಚೆ ಉರಿ ಆರಿಸಿ, ಕೊನೆಯಲ್ಲಿ ಉಪ್ಪಿನ ಹರಳು ಸಿಡಿಯುತ್ತದೆ.

ಕಕ್ಕಡ ತಿಂಗಳ ಹದಿನೆಂಟನೇ ದಿನ ಕುದಿಸುವ ಮದ್ದುಸೊಪ್ಪಿನ ನೀರು ನೇರಳೆಯಾಗುವುದನ್ನು ಮಕ್ಕಳು ಉದಾಹರಣೆ ಕೊಟ್ಟರೆ, ಅದು ಸ್ಥಿತಿ ಬದಲಾವಣೆ ಅಲ್ಲ. ಸೊಪ್ಪಿನ ಬಣ್ಣ ನೀರಿಗೆ ಇಳಿಯಿತು ಅಷ್ಟೆ. ಸಕ್ಕರೆ ನೀರಿನಲ್ಲಿ ಕಾಣೆಯಾಗುವುದೂ ಹಾಗೇ, ಅದಕ್ಕೆ ಇನ್ನೊಂದು ವಸ್ತು ಬೇಕು. ಐಸಿಗೆ ಬಿಸಿ ಒಂದೇ ಸಾಕು.

ಪ್ರಶ್ನೆಪೆಟ್ಟಿಗೆ:
ಘನದಿಂದ ನೇರ ಅನಿಲಕ್ಕೆ? ನುಸಿಗುಳಿಗೆ ಇಡಬಹುದಲ್ಲ? ಅಥವಾ ಆರತಿಯ ಕರ್ಪೂರ, ಉರಿದು ಏನೂ ಉಳಿಯುವುದಿಲ್ಲ.

ಬ್ಯೂರೆಟ್:
ನುಸಿಗುಳಿಗೆ ಬೇಡ. ಅದರಲ್ಲಿರುವುದು ನ್ಯಾಫ್ತಲೀನ್ ಆಗಲಿ ಪ್ಯಾರಾಡೈಕ್ಲೋರೋಬೆಂಜೀನ್ ಆಗಲಿ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ, ಮಿಠಾಯಿಯಂತೆ ಕಾಣುವುದರಿಂದ ಚಿಕ್ಕ ಮಕ್ಕಳು ನುಂಗುವ ಅಪಾಯ ಬೇರೆ. ಕರ್ಪೂರ ಉರಿಯುವುದು ಉತ್ಪತನ (ಘನ ನೇರ ಅನಿಲವಾಗುವುದು) ಅಲ್ಲ, ಅದು ಸುಡುವಿಕೆ. ಹೊಸ ವಸ್ತುಗಳಾಗಿ ಹೋಗುತ್ತದೆ, ವಾಪಸು ಕರ್ಪೂರ ಸಿಗುವುದಿಲ್ಲ. ಉತ್ಪತನ ಅಂದರೆ ಅದೇ ವಸ್ತು ಮರಳಿ ಸಿಗಬೇಕು.

ಮಾಡುವ ಬಗೆ: ಸಣ್ಣ ಸ್ಟೀಲ್ ಬಟ್ಟಲಿನಲ್ಲಿ 2 ಗ್ರಾಂ ಪುಡಿ ಕರ್ಪೂರ. ಬಟ್ಟಲನ್ನು ಕುದಿನೀರಿನ ಪಾತ್ರೆಯ ಬಾಯಿಯ ಮೇಲೆ ಕೂರಿಸಿ, ಒಲೆ ಆರಿಸಿ. ಬಟ್ಟಲಿನ ಮೇಲೆ ಗಾಜಿನ ಲೋಟ ಕವುಚಿ, ಲೋಟದ ಬೆನ್ನಿಗೆ ಒದ್ದೆ ಬಟ್ಟೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಗಾಜಿನ ಒಳಮೈಗೆ ಬಿಳಿ ಹರಳು ಕೂರುತ್ತದೆ. ಕರ್ಪೂರ ಕರಗಲು 175 ಡಿಗ್ರಿಗೂ ಹೆಚ್ಚು ಬೇಕು, ಕುದಿನೀರಿನ ಬಿಸಿಗೆ ಅದು ದ್ರವವಾಗುವುದಿಲ್ಲ, ಹಾಗಾಗಿ ಉತ್ತರ ಸ್ಪಷ್ಟ. ನೇರ ಉರಿಗೆ ಇಟ್ಟರೆ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ. ಕೆಲವು ಬಿಲ್ಲೆಗಳಲ್ಲಿ ಬೆರಕೆ ಇರುವುದರಿಂದ ಬಟ್ಟಲಲ್ಲಿ ಏನಾದರೂ ಉಳಿಯಬಹುದು. ಕರ್ಪೂರ ನುಂಗಿದರೆ ಮಕ್ಕಳಿಗೆ ಫಿಟ್ಸ್ ಬರುವಷ್ಟು ವಿಷ, ಉಳಿದದ್ದನ್ನು ಎಣಿಸಿ ಒಳಗಿಡಿ.

ಹಳ್ಳಿಶಾಲೆ ಟೀಚರ್:
ಎಲ್ಲರಿಗೂ ವಂದನೆ. ಪಾತ್ರೆಯ ಹನಿ, ಸಿರಿಂಜ್, ಸ್ಪಿರಿಟ್ ಈ ವಾರ. ಐಸ್ ಮತ್ತು 80 ಡಿಗ್ರಿ ನೀರಿನದ್ದನ್ನು ಅಡುಗೆಮನೆಯಲ್ಲಿ ಮೊದಲು ಮಾಡಿ ನೋಡಿದೆ. ಥರ್ಮೋಕೋಲ್ ಲೋಟ ಸಿಗದೆ ಸ್ಟೀಲ್ ಲೋಟ ಬಳಸಿದೆ. ಕೊನೆಗೆ 9 ಡಿಗ್ರಿ ನಿಂತಿತು. ಇಷ್ಟು ವ್ಯತ್ಯಾಸ ಸರಿಯೇ?

ಬ್ಯೂರೆಟ್:
ಐಸ್ ಒದ್ದೆ ಇತ್ತು. 100 ಗ್ರಾಂನಲ್ಲಿ 15 ಗ್ರಾಂ ಆಗಲೇ ನೀರಾಗಿದ್ದರೆ ಅದೊಂದೇ 6 ಡಿಗ್ರಿ ಮೇಲೆ ತಳ್ಳುತ್ತದೆ. ಕೋಣೆಯ ಬಿಸಿಯಲ್ಲಿದ್ದ ಸ್ಟೀಲ್ ಲೋಟ ಇನ್ನೊಂದೆರಡು ಡಿಗ್ರಿ. ತೂಗುವ ಮುಂಚೆ ಐಸ್ ಚೂರನ್ನು ಒಣ ಬಟ್ಟೆಯಲ್ಲಿ ಒತ್ತಿ ತೆಗೆದು ತಕ್ಷಣ ತೂಗಿ, ಲೋಟವನ್ನು ಮೊದಲೇ ಐಸ್‌ನೀರಿನಲ್ಲಿ ಅದ್ದಿ ಒರೆಸಿ. ಬಿಸಿನೀರನ್ನೂ ಮಿಲೀ ಲೆಕ್ಕದಲ್ಲಿ ಅಳೆಯಬೇಡಿ, ತೂಗಿ. 80 ಡಿಗ್ರಿಯಲ್ಲಿ 100 ಮಿಲೀ ನೀರು 97 ಗ್ರಾಂ ಮಾತ್ರ. ಸುರಿಯುವ ಕ್ಷಣದಲ್ಲಿ 80 ಇರಬೇಕಾದರೆ 83, 84ಕ್ಕೆ ಒಲೆಯಿಂದ ಇಳಿಸಿ. ಹೀಗೆ ಮಾಡಿದರೆ 2, 3 ಡಿಗ್ರಿಗೆ ಬರುತ್ತದೆ. ಬರದಿದ್ದರೆ ಥರ್ಮಾಮೀಟರಿನ ಟೇಪು ನೋಡಿ, ಒಂದು ಕಳೆಯಬೇಕಾದದ್ದನ್ನು ಹಿಡಿದಿರಬಹುದು.